ವಾರಕ್ಕೊಂದು ಗಂಟೆ, ಅದೇ ಮನೆಗೆ

ಕೇಳುಗರಿಗೆಲ್ಲ ನಮಸ್ಕಾರ.

ಮಂಗಳೂರಿನಲ್ಲಿ ಚರ್ಚಿನ ಸೇವೆ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ದೊಡ್ಡ ದೊಡ್ಡ ಸಂಸ್ಥೆಗಳು. ಆಸ್ಪತ್ರೆ, ಕಾಲೇಜು, ವೃದ್ಧಾಶ್ರಮ. ಅವುಗಳ ಬಗ್ಗೆ ಸಾಕಷ್ಟು ಜನ ಮಾತಾಡಿದ್ದಾರೆ. ನಾನು ಇವತ್ತು ಹೇಳಬೇಕೆಂದಿರುವುದು ಕಟ್ಟಡ, ಬೋರ್ಡು, ಸಂಬಳ ಯಾವುದೂ ಇಲ್ಲದ ಸೇವೆಯ ಬಗ್ಗೆ. ಭಾನುವಾರ ಪೂಜೆಗೆ ಬರುವ ನಮ್ಮಂಥವರೇ ನಮ್ಮ ವಾಳೆಯಲ್ಲಿ, ಅಂದರೆ ಚರ್ಚಿಗೆ ಸೇರಿದ ನಮ್ಮ ವಾರ್ಡಿನಲ್ಲಿ, ಮಾಡಬಹುದಾದ ಕೆಲಸ. ಅದಕ್ಕೆ ಈಗ ಜನ ಬೇಕಾಗಿದ್ದಾರೆ.

ಹಾಗೆ ನೋಡಿದರೆ ದೊಡ್ಡ ಸಂಸ್ಥೆಗಳೂ ಶುರುವಾದದ್ದು ಸಣ್ಣದಾಗಿಯೇ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಕಥೆ ನಿಮಗೆ ಗೊತ್ತಿರಬಹುದು. ಜರ್ಮನಿಯಿಂದ ಬಂದ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಒಂದು ಆಲದ ಮರದ ಕೆಳಗೆ ಕೂತು ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. ಆಸ್ಪತ್ರೆಯ ಹಾಸಿಗೆಗಳೆಲ್ಲ ಆಮೇಲಿನ ಮಾತು. ಮೊದಲು ಇದ್ದದ್ದು ಒಬ್ಬ ಮನುಷ್ಯ, ಒಂದಿಷ್ಟು ಔಷಧ, ಮತ್ತು ಇವರು ಇಲ್ಲಿ ಸಿಗುತ್ತಾರೆ ಎಂಬ ಜನರ ನಂಬಿಕೆ.

ಇನ್ನೊಂದು ಕಥೆ ಪ್ಯಾರಿಸ್‌ನದು. 1833ರಲ್ಲಿ ಫ್ರೆಡರಿಕ್ ಒಜಾನಾಂ ಎಂಬ ವಿದ್ಯಾರ್ಥಿ ಅಲ್ಲಿ ಓದುತ್ತಿದ್ದ. ಆಗ ಅವನಿಗೆ ಬರೀ ಇಪ್ಪತ್ತು ವರ್ಷ. ಗೆಳೆಯರ ಜೊತೆ ಧರ್ಮದ ಬಗ್ಗೆ ಚರ್ಚೆ ನಡೆಸುತ್ತಿದ್ದಾಗ ಯಾರೋ ಕೇಳಿದರಂತೆ, ಮಾತು ಸರಿ, ನೀವು ಮಾಡುತ್ತಿರುವುದೇನು ಅಂತ. ಆ ಪ್ರಶ್ನೆ ಅವನಿಗೆ ಸರಿಯಾಗಿ ನಾಟಿತು. ಗೆಳೆಯರು ಸೇರಿ ಬಡವರ ಮನೆಗೆ ಹೋಗತೊಡಗಿದರು. ಹೀಗೆ ಹುಟ್ಟಿದ್ದೇ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ. ಇವತ್ತು ನಮ್ಮ ಮಂಗಳೂರು, ಉಡುಪಿ ಕಡೆಯ ಎಷ್ಟೋ ಚರ್ಚುಗಳಲ್ಲಿ ಅದರ ಘಟಕಗಳಿವೆ.

ಆ ಸಭೆಯ ಎರಡು ಪದ್ಧತಿಗಳು ನನಗೆ ತುಂಬಾ ಇಷ್ಟ. ಮೊದಲನೆಯದು, ಬಡವರನ್ನು ನೋಡಲು ಹೋಗುವಾಗ ಇಬ್ಬಿಬ್ಬರಾಗಿ ಹೋಗುವುದು, ಅವರ ಮನೆಗೇ ಹೋಗುವುದು. ಬನ್ನಿ, ಕ್ಯೂ ನಿಲ್ಲಿ, ಅಕ್ಕಿ ತೆಗೆದುಕೊಂಡು ಹೋಗಿ ಅನ್ನುವುದಿಲ್ಲ. ಎರಡನೆಯದು, ಸಭೆ ಸೇರಿದಾಗ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಕಟ್ಟಿ ಕೈಯನ್ನು ಒಳಗೆ ಹಾಕಿ ತೆಗೆಯುತ್ತಾರೆ. ಒಬ್ಬರು ಐನೂರು ಹಾಕಿರಬಹುದು, ಇನ್ನೊಬ್ಬರು ಏನೂ ಹಾಕದೇ ಇರಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ, ಅಲ್ವಾ? ಇಲ್ಲದವರೂ ತಲೆ ತಗ್ಗಿಸದೆ ಸಭೆಗೆ ಬರಬಹುದು.

ಈ ಚೀಲದ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಈಗ ಕಿಟ್ ಕೊಡುವಾಗ ಫೋಟೋ ತೆಗೆಯುವ ಅಭ್ಯಾಸ ಜಾಸ್ತಿಯಾಗಿದೆ. ಕೊಡುವವರು ಐದಾರು ಮಂದಿ, ತೆಗೆದುಕೊಳ್ಳುವ ಅಜ್ಜಿ ಒಬ್ಬರು. ಎಲ್ಲರ ಕೈಯೂ ಆ ಒಂದು ಚೀಲದ ಮೇಲೆ. ಸಂಜೆಯೊಳಗೆ ಅದು ಊರಿನ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲಿ. ಆ ಅಜ್ಜಿಯ ಮೊಮ್ಮಗಳು ಮರುದಿನ ಶಾಲೆಗೆ ಹೋಗಬೇಕು. ದಯವಿಟ್ಟು ಇದನ್ನು ನಿಲ್ಲಿಸಿ. ಲೆಕ್ಕ ಬೇಕಿದ್ದರೆ ಪುಸ್ತಕದಲ್ಲಿ ಬರೆಯಿರಿ, ಫಾದರ್‌ಗೆ ತೋರಿಸಿ. ಮುಖ ತೋರಿಸುವುದು ಬೇಡ.

ಇನ್ನು ನಮ್ಮೂರಿನ ಈಗಿನ ಅಗತ್ಯ ಏನು? ನನ್ನ ಪ್ರಕಾರ ಅಕ್ಕಿಗಿಂತ ಹೆಚ್ಚಾಗಿ ಬೇಕಾಗಿರುವುದು ಜೊತೆ. ಯಾವ ವಾಳೆಗೆ ಬೇಕಾದರೂ ಹೋಗಿ ನೋಡಿ. ಒಳ್ಳೆಯ ಟೆರೇಸ್ ಮನೆ, ಅಂಗಳಕ್ಕೆ ಇಂಟರ್‌ಲಾಕ್, ಗೇಟಿಗೆ ಬೀಗ. ಒಳಗೆ ಇಬ್ಬರೇ ವಯಸ್ಸಾದವರು. ಕೆಲವು ಕಡೆ ಒಬ್ಬರೇ. ಮಗ ದುಬೈಯಲ್ಲಿ, ಮಗಳು ಕೆನಡಾದಲ್ಲಿ. ದುಡ್ಡು ಬರುತ್ತದೆ, ಫೋನೂ ಬರುತ್ತದೆ. ಆದರೆ ರಾತ್ರಿ ಬಾತ್‌ರೂಮಿನಲ್ಲಿ ಜಾರಿ ಬಿದ್ದರೆ ಎತ್ತಲು ಯಾರೂ ಇಲ್ಲ. ಇಂಥವರು ಬಡವರ ಪಟ್ಟಿಯಲ್ಲಿ ಬರುವುದಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಥ ಮನೆಗೆ ಹೋಗಿ ಏನು ಮಾಡುವುದು ಅಂತ ಹುಡುಗರು ಕೇಳುತ್ತಾರೆ. ಮಾಡಲು ಬೇಕಾದಷ್ಟಿದೆ. ಮಾತ್ರೆಗಳನ್ನೇ ನೋಡಿ. ಸಾಮಾನ್ಯವಾಗಿ ಅವು ಒಂದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ. ಬಿಪಿಯದ್ದು, ಸಕ್ಕರೆಯದ್ದು, ಯಾವಾಗಲೋ ಜ್ವರಕ್ಕೆ ತಂದದ್ದು, ಎಲ್ಲ ಒಟ್ಟಿಗೆ. ಅರ್ಧ ಕತ್ತರಿಸಿದ ಪಟ್ಟಿಯಲ್ಲಿ ಹೆಸರೂ ಇಲ್ಲ, ತಾರೀಕೂ ಇಲ್ಲ. ಡಾಕ್ಟರ ಚೀಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ನೋಡಬೇಕು. ಅವಧಿ ಮುಗಿದದ್ದು, ಗುರುತು ಸಿಗದ್ದು ಬೇರೆ ಇಟ್ಟು ಮೆಡಿಕಲ್‌ನವರಿಗೆ ತೋರಿಸಬೇಕು. ಉಳಿದದ್ದರ ಮೇಲೆ ದಪ್ಪ ಪೆನ್ನಿನಲ್ಲಿ ಬೆಳಿಗ್ಗೆ, ರಾತ್ರಿ ಅಂತ ಬರೆಯಬೇಕು. ಅರ್ಧ ಗಂಟೆಯ ಕೆಲಸ. ಮುಂದಿನ ವಾರ ಹೋದಾಗ ಡಬ್ಬಿ ಮತ್ತೆ ತೆರೆದು ನೋಡಿ, ಎಷ್ಟು ಉಳಿದಿದೆ ಅಂತ. ಮಾತ್ರೆ ತಪ್ಪಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ.

ನವೆಂಬರ್‌ನಲ್ಲಿ ಇನ್ನೊಂದು ಕೆಲಸ. ಪಿಂಚಣಿದಾರರು ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಬೇಕು. ಮಂಡಿನೋವಿರುವ ಎಷ್ಟೋ ಹಿರಿಯರು ಅದಕ್ಕಾಗಿ ರಿಕ್ಷಾ ಮಾಡಿಕೊಂಡು ಬ್ಯಾಂಕಿಗೆ ಹೋಗಿ ಕಾಯುತ್ತಾರೆ. ಈಗ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಮೊಬೈಲ್ ಫೋನಿನಿಂದ ಮುಖದ ಗುರುತು ಕೊಟ್ಟು ಮನೆಯಲ್ಲೇ ಮುಗಿಸಬಹುದು. ಕಾಲೇಜು ಮಕ್ಕಳಿಗೆ ಇದು ಸುಲಭ. ಸಂಧ್ಯಾ ಸುರಕ್ಷಾ, ವಿಧವಾ ವೇತನ ಇವುಗಳಿಗೆ ಅರ್ಜಿ ಹಾಕಲು ನಾಡಕಚೇರಿಗೆ ಜೊತೆಯಲ್ಲಿ ಹೋಗುವುದೂ ಸೇವೆಯೇ. ಯಾವ ದಾಖಲೆ ಬೇಕು ಅಂತ ಮೊದಲೇ ವಿಚಾರಿಸಿಟ್ಟರೆ ಅವರಿಗೆ ಎರಡೆರಡು ಸಲ ಅಲೆದಾಟ ತಪ್ಪುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಒಟಿಪಿ, ಎಟಿಎಂ ಪಿನ್, ಹಣದ ವ್ಯವಹಾರಕ್ಕೆ ಒಬ್ಬರೇ ಕೈ ಹಾಕಬಾರದು. ಇಬ್ಬಿಬ್ಬರಾಗಿ ಹೋಗುವ ಪದ್ಧತಿ ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಮೊಂತಿ ಹಬ್ಬದ ಬಗ್ಗೆ ಒಂದು ಮಾತು. ಸೆಪ್ಟೆಂಬರ್ 8ರಂದು ಮಾತೆ ಮರಿಯಳ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತರುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು. ಆ ದಿನ ಸ್ವಯಂಸೇವಕರಿಗೆ ಕೊರತೆ ಇಲ್ಲ. ಕಬ್ಬು ಹಂಚಲು, ವಾಹನ ನಿಲ್ಲಿಸಲು ಹುಡುಗರು ನಾ ಮುಂದು ತಾ ಮುಂದು ಅಂತ ಬರುತ್ತಾರೆ. ಒಳ್ಳೆಯದೇ. ಆದರೆ ತೆನೆ ಮನೆಗೆ ಹೋಗಬೇಕು. ಅದರ ಕಾಳನ್ನು ಸುಲಿದು ಪುಡಿ ಮಾಡಿ, ಹಾಲಿಗೆ ಸೇರಿಸಿ, ಮನೆಯ ಹಿರಿಯರು ಎಲ್ಲರಿಗೂ ಕೊಡಬೇಕು. ಆಮೇಲೆ ತರಕಾರಿ ಊಟ. ಹಾಸಿಗೆ ಹಿಡಿದವರಿಗೆ ಈ ತೆನೆ ಯಾರು ತಲುಪಿಸುತ್ತಾರೆ? ಚರ್ಚಿಗೆ ಬರಲಾಗದವರ ಹೆಸರು ಮೊದಲೇ ಬರೆದಿಟ್ಟುಕೊಂಡು, ಪೂಜೆ ಮುಗಿದ ಕೂಡಲೇ ತೆನೆ ಹಿಡಿದು ಹೊರಡುವ ಇಬ್ಬರು ಪ್ರತಿ ವಾಳೆಯಲ್ಲೂ ಇರಲಿ ಎಂಬುದು ನನ್ನ ಆಸೆ. ಅಲ್ಲಿ ಹತ್ತು ನಿಮಿಷ ಕೂತು, ಆ ಹಾಲನ್ನು ಅವರ ಕೈಯಿಂದಲೇ ತೆಗೆದುಕೊಂಡು ಕುಡಿಯಿರಿ. ಹಬ್ಬ ನಡೆಸಿದ್ದು ತಾವೇ ಎಂಬ ಸಂತೋಷ ಅವರಿಗೂ ಸಿಗಲಿ.

ರಕ್ತದಾನ ಶಿಬಿರಗಳನ್ನು ಚರ್ಚ್ ಸಭಾಂಗಣಗಳಲ್ಲಿ ನಡೆಸುತ್ತಲೇ ಇರುತ್ತಾರೆ. ಅಲ್ಲೂ ನಾನು ಹೇಳುವುದು ಇಷ್ಟೇ. ಡೆಂಗಿ ರೋಗಿಗಳಿಗೆ ಬೇಕಾಗುವ ಪ್ಲೇಟ್ಲೆಟ್ಸ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, ಐದೇ ದಿನ ಉಳಿಯುವುದು. ಡೆಂಗಿ ಜ್ವರದ ಸಮಯದಲ್ಲಿ ಹಿಂದಿನ ತಿಂಗಳ ಶಿಬಿರ ಆ ಕೆಲಸಕ್ಕೆ ಬಾರದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಹಾಗಾಗಿ ಯಾರದು ಯಾವ ಗುಂಪು, ಕೊನೆಗೆ ಕೊಟ್ಟದ್ದು ಯಾವಾಗ, ಇಷ್ಟು ಬರೆದ ಪಟ್ಟಿ ಯುವಕ ಸಂಘದ ಒಬ್ಬರ ಕೈಯಲ್ಲಿ ಸದಾ ಇರಬೇಕು.

ಹಡಿಲು ಬಿದ್ದ, ಅಂದರೆ ಬೇಸಾಯವಿಲ್ಲದೆ ಪಾಳುಬಿದ್ದ, ಗದ್ದೆಗೆ ಇಳಿದು ಯುವಕರು ನಾಟಿ ಮಾಡಿದ್ದನ್ನೂ ನಾವು ಕಂಡಿದ್ದೇವೆ. ಅದು ತುಂಬಾ ಒಳ್ಳೆಯ ಕೆಲಸ. ಆದರೆ ನಾಟಿಯ ದಿನ ಬಂದವರು ಕಳೆ ಕೀಳಲೂ ಬರಬೇಕು, ಕೊಯ್ಲಿಗೂ ಬರಬೇಕು.

ಸೇರಬೇಕೆಂದರೆ ಯಾರನ್ನು ಕೇಳುವುದು? ಕೆಥೋಲಿಕ್ ಚರ್ಚಾದರೆ ನಿಮ್ಮ ವಾಳೆಯ ಗುರಿಕಾರರನ್ನು, ಅಂದರೆ ವಾಳೆಯ ಮುಖಂಡರನ್ನು, ಕೇಳಿ. ಯಾವ ಮನೆಯಲ್ಲಿ ಏನು ಕಷ್ಟ ಅಂತ ಫಾದರ್‌ಗಿಂತ ಮೊದಲು ಗೊತ್ತಾಗುವುದು ಅವರಿಗೇ. ಸಿಎಸ್‌ಐ, ಅಂದರೆ ಪ್ರೊಟೆಸ್ಟಂಟರ ಚರ್ಚ್ ಆಫ್ ಸೌತ್ ಇಂಡಿಯಾ, ಸಭೆಯವರಾದರೆ ನಿಮ್ಮ ಸಭಾಪಾಲಕರನ್ನೋ, ಸ್ತ್ರೀ ಸಂಘದವರನ್ನೋ ಕಾಣಿ. ಚರ್ಚಿಗೆ ಸೇರದವರೂ ಕೈ ಜೋಡಿಸಬಹುದು. ನೆರೆಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಯಾವ ಧರ್ಮ ಅಡ್ಡ ಬರುತ್ತದೆ? ಮಕ್ಕಳಿಗೆ ಟ್ಯೂಷನ್ ಹೇಳುವ ಮನಸ್ಸಿದ್ದರೆ ಮಾತ್ರ, ಫಾದರ್ ಮತ್ತು ಹೆತ್ತವರ ಒಪ್ಪಿಗೆ ಪಡೆದು, ಬಾಗಿಲು ತೆರೆದಿರುವ ಕೋಣೆಯಲ್ಲಿ, ಇನ್ನೊಬ್ಬರು ದೊಡ್ಡವರ ಎದುರಿನಲ್ಲೇ ಹೇಳಿ.

ಗುರಿಕಾರರ ಹತ್ತಿರ ಹೋದಾಗ, ಏನಾದರೂ ಕೆಲಸ ಇದ್ದರೆ ಹೇಳಿ ಅನ್ನಬೇಡಿ. ಆ ಮಾತಿಗೆ ಅವರೂ ತಲೆಯಾಡಿಸುತ್ತಾರೆ, ನೀವೂ ಮರೆಯುತ್ತೀರಿ. ಶನಿವಾರ ಸಂಜೆ ಐದರಿಂದ ಆರು ನಾನು ಬಿಡುವಾಗಿರುತ್ತೇನೆ, ನನಗೊಂದು ಮನೆ ಕೊಡಿ, ಜೊತೆಗೆ ಬರಲು ಇನ್ನೊಬ್ಬರನ್ನು ತೋರಿಸಿ, ಅಂತ ಕೇಳಿ.

ನಮಸ್ಕಾರ.