ಹನ್ನೆರಡು ಚೌಕಗಳ ಕೌದಿ

ಸಭೆಯಲ್ಲಿರುವ ಹಿರಿಯರಿಗೂ ಅಕ್ಕ-ತಂಗಿಯರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಹರವಿರುವ ಕೌದಿ 56 ಇಂಚು ಅಗಲ, 70 ಇಂಚು ಉದ್ದವಿದೆ. ಇದರಲ್ಲಿ 12 ಚೌಕಗಳಿದ್ದು, ಒಂದರ ವಿನ್ಯಾಸ ಇನ್ನೊಂದರಲ್ಲಿಲ್ಲ. ಇದನ್ನು ಹೊಲಿದು ಮುಗಿಸಲು ನನಗೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷಗಳಲ್ಲಿ ಮಗಳ ಬಾಣಂತನವಾಯಿತು, ಅತ್ತೆಯವರ ಕಾಲಿನ ಶಸ್ತ್ರಚಿಕಿತ್ಸೆಯಾಯಿತು, ಮನೆಗೆ ಸೊಸೆ ಬಂದಳು. ಜೊತೆಗೆ ಐದು ಸ್ವೆಟರು, ಎರಡು ಕುಂಚಿಗೆ, ಒಂದು ಶಾಲು ಹೆಣೆದು ಬೇಕಾದವರಿಗೆ ಕೊಟ್ಟದ್ದೂ ಆಯಿತು. ಈ ಉಪನ್ಯಾಸಕ್ಕೆ ಕರೆಯಲು ಮನೆಗೆ ಬಂದಿದ್ದ ತಂಗಿಯೊಬ್ಬಳು ಕೌದಿಯನ್ನು ಕಂಡು, "ಇಷ್ಟಕ್ಕೆಲ್ಲಾ ನಿಮಗ ಟೈಮ್ ಎಲ್ಲಿ ಸಿಕ್ತ್ರೀ ಅಕ್ಕಾರ?" ಎಂದು ಕೇಳಿದಳು. ಆಗ ಚಹಾ ಕೊಡುವ ಗಡಿಬಿಡಿಯಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. ಇವತ್ತು ಆ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ನಮ್ಮ ಮನೆಯಲ್ಲಿ ನನಗೆ ಒಟ್ಟಿಗೆ ಎರಡು ತಾಸು ಸಿಗುವ ದಿನ ವರ್ಷಕ್ಕೆ ನಾಲ್ಕು ಬಂದರೆ ಹೆಚ್ಚು. ಅರ್ಧ ತಾಸು ಮಾತ್ರ ದಿನವೂ ಸಿಗುತ್ತದೆ. ಆದ್ದರಿಂದ ಅರ್ಧ ತಾಸಿಗೆ ಸರಿಹೊಂದುವಂತೆ ಕೆಲಸವನ್ನು ಕತ್ತರಿಸಿಕೊಂಡೆ. ಚೌಕದ ಕೌದಿ ಅದಕ್ಕೆ ಒಪ್ಪುವ ಕೆಲಸ.

ಕೌದಿ ನಮಗೆ ಹೊಸದಲ್ಲ. ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಅವ್ವ ಹೊಲಿದ ಕೌದಿಯ ಮೇಲೆ ಮಲಗದೆ ಬೆಳೆದವರು ನಮ್ಮ ವಯಸ್ಸಿನವರಲ್ಲಿ ಅಪರೂಪ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸಿ, ಅಂಚಿನಿಂದ ಅಂಚಿಗೆ ಬೆರಳಗಲದ ಅಂತರದಲ್ಲಿ ಸಾಲು ಹೊಲಿಗೆ ಹಾಕುತ್ತ ಹೋಗುವುದು ಅದರ ಕ್ರಮ. ಗಾದಿಗೆ ಹತ್ತಿ ತುಂಬುವಂತೆ ಕೌದಿಗೆ ಏನನ್ನೂ ತುಂಬುವುದಿಲ್ಲ. ಬೆಚ್ಚಗಿಡುವುದು ಪದರಗಳ ನಡುವಿನ ಗಾಳಿ. ಶ್ರಾವಣದ ಜಿಟಿಜಿಟಿ ಮಳೆಗೂ ಮಾಗಿಯ ಬೆಳಗಿನ ಚಳಿಗೂ ನಮ್ಮ ಊರಿಗೆ ಅಷ್ಟು ಸಾಕು. ಪರದೇಶದ ಕ್ರಮದಲ್ಲಿ ಹೊಲಿಯುವವರು ನಡುವೆ ಪಾಲಿಯೆಸ್ಟರಿನ ದಪ್ಪ ಹಾಸನ್ನು ಇಡುತ್ತಾರೆ. ನಾನು ಅದನ್ನು ಕೈಬಿಟ್ಟು ಎರಡು ಹಳೆಯ ಧೋತರಗಳನ್ನು ಇಟ್ಟಿದ್ದೇನೆ. ಒಗೆದರೆ ಒಂದೇ ಬಿಸಿಲಿಗೆ ಒಣಗುತ್ತದೆ.

ಚೌಕಗಳ ಕಲ್ಪನೆ ಹೊರಗಿನದು. ಇಂಗ್ಲಿಷಿನಲ್ಲಿ ಇದನ್ನು ಸ್ಯಾಂಪ್ಲರ್ ಕ್ವಿಲ್ಟ್ ಎನ್ನುತ್ತಾರೆ; ನಾನು ಮಾದರಿ ಕೌದಿ ಎನ್ನುತ್ತೇನೆ. ಕಸೂತಿಯ ವಿನ್ಯಾಸಗಳ ಪುಸ್ತಕ ಸುಲಭವಾಗಿ ಸಿಗದ ಕಾಲದಲ್ಲಿ ಯುರೋಪಿನ ಹೆಂಗಸರು ಕಂಡ ಹೊಲಿಗೆಯನ್ನು ಮರೆಯದಿರಲೆಂದು ಒಂದು ತುಂಡು ಬಟ್ಟೆಯ ಮೇಲೆ ಹಾಕಿಟ್ಟುಕೊಳ್ಳುತ್ತಿದ್ದರು. ಆ ಬಟ್ಟೆಗೇ ಸ್ಯಾಂಪ್ಲರ್ ಎಂದು ಹೆಸರು. ಇಸವಿ ನಮೂದಾಗಿ ಉಳಿದಿರುವ ಬ್ರಿಟನ್ನಿನ ಅಂಥ ಬಟ್ಟೆಗಳಲ್ಲಿ ತೀರ ಹಳೆಯದು 1598ರದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಹೊಲಿದವಳು ಜೇನ್ ಬೋಸ್ಟಾಕ್. ಅವಳು ತನ್ನ ಹೆಸರಿನ ಕೆಳಗೆ, ಆಲಿಸ್ ಲೀ ಎಂಬ ಮಗು 1596ರ ನವೆಂಬರ್ 23ರ ಮಂಗಳವಾರ ಮಧ್ಯಾಹ್ನ ಹುಟ್ಟಿತೆಂದು ಸೂಜಿಯಿಂದಲೇ ಬರೆದಿದ್ದಾಳೆ. ಮಗು ಹುಟ್ಟಿ ಎರಡು ವರ್ಷಗಳಾದ ಮೇಲಿನ ಇಸವಿ ಬಟ್ಟೆಯ ಮೇಲಿದೆ. ಆ ಎರಡು ವರ್ಷ ಅವಳ ಕೈ ಯಾವ ಯಾವ ಕೆಲಸದಲ್ಲಿ ಸಿಕ್ಕಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮಲ್ಲಿಯೂ ಕಸೂತಿ ಕಲಿಯುವ ಹುಡುಗಿಯರು ಮೊದಲು ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ತುಂಡಿನ ಮೇಲೆ ಗಾವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳನ್ನೂ ಹಾಕಿ ಕಲಿಯುತ್ತಾರೆ. ಹೊಲಿಗೆಯ ಟೀಚರಾಗಿದ್ದಷ್ಟು ಕಾಲ ಅಂಥ ತುಂಡುಗಳನ್ನು ತಿದ್ದಿದವಳು ನಾನು. ಎರಡೂ ಒಂದೇ ಬಗೆಯ ವಿದ್ಯೆ.

ಇನ್ನು ಅಳತೆಯ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ. ಹೊಲಿದು ಕೂಡಿಸಿದ ಮೇಲೆ ಪ್ರತಿ ಚೌಕ 12 ಇಂಚು ಇರಬೇಕು. ಸುತ್ತ ಕಾಲಿಂಚು ಹೊಲಿಗೆಗೆ ಹೋಗುವುದರಿಂದ ಕೂಡಿಸುವ ಮೊದಲು ಅದು ಹನ್ನೆರಡೂವರೆ ಇಂಚು ಇರಬೇಕು. ನನ್ನ ಮೊದಲನೆಯ ಚೌಕ ಒಂಬತ್ತು ಮನೆಯದು: ನಾಲ್ಕೂವರೆ ಇಂಚಿನ ಒಂಬತ್ತು ತುಂಡು, ಮೂರರಂತೆ ಮೂರು ಸಾಲು. ಇದಕ್ಕಿಂತ ಸರಳವಾದ ಚೌಕವಿಲ್ಲ. ಆದರೂ ನನ್ನದು ಹನ್ನೆರಡೂಕಾಲಿಗೆ ಬಂದು ನಿಂತಿತು. ಕಾಲಿಂಚು ಎಲ್ಲಿ ಹೋಯಿತೆಂದು ಸಂಜೆಯವರೆಗೆ ಹುಡುಕಿದೆ. ಹೊಲಿಗೆ ಕಾಲಿಂಚಿನ ಗೆರೆಯಿಂದ ಒಂದು ಇಂಚಿನ ಹದಿನಾರನೆಯ ಒಂದು ಪಾಲು ಒಳಗೆ ಸರಿದಿತ್ತು. ಪ್ರತಿ ಕೂಡುಗೆಯಲ್ಲಿ ಎರಡು ತುಂಡುಗಳೂ ಅಷ್ಟಷ್ಟು ಕಳೆದುಕೊಳ್ಳುತ್ತವೆ. ಎರಡು ಕೂಡುಗೆ ಸೇರಿದರೆ ಕಾಲಿಂಚು ತಾನಾಗಿಯೇ ಆಯಿತು. ಕಣ್ಣಿಗೆ ಬೀಳದಷ್ಟು ಸಣ್ಣ ತಪ್ಪು ಹೀಗೆ ಕೂಡುತ್ತ ಹೋಗುತ್ತದೆ. ಮಶೀನಿನ ಪಟ್ಟಿಗೆ ಸೂಜಿಯಿಂದ ಸರಿಯಾಗಿ ಕಾಲಿಂಚು ದೂರದಲ್ಲಿ ಒಂದು ಟೇಪು ಅಂಟಿಸಿದ ಮೇಲೆ ಈ ತೊಂದರೆ ಮತ್ತೆ ಬರಲಿಲ್ಲ.

ಲಾಗ್ ಕ್ಯಾಬಿನ್, ಎಂದರೆ ಮರದ ದಿಮ್ಮಿಗಳ ಮನೆ, ಎಂಬ ಚೌಕ ಸಂಸಾರಸ್ಥರಿಗೆ ಹೇಳಿ ಮಾಡಿಸಿದಂತಿದೆ. ನಡುವೆ ಒಂದು ಸಣ್ಣ ಕೆಂಪು ತುಂಡು, ಅದರ ಸುತ್ತ ಒಂದೊಂದೇ ಪಟ್ಟಿ, ಎರಡು ಕಡೆ ತಿಳಿ ಬಣ್ಣ, ಎರಡು ಕಡೆ ಗಾಢ ಬಣ್ಣ. ನಡುವಿನ ಕೆಂಪು ಮನೆಯ ಒಲೆಯ ಗುರುತೆಂದು ಅಮೆರಿಕದ ಹೆಂಗಸರು ಹೇಳುವುದುಂಟು. ಒಂದು ಪಟ್ಟಿ ಹಚ್ಚಲು ಹತ್ತು ನಿಮಿಷ ಸಾಕು. ಕುಕ್ಕರಿನ ಮೂರು ಸೀಟಿಯೊಳಗೆ ಒಂದು ಪಟ್ಟಿ, ನೀರು ಬಂದು ಟಾಕಿ ತುಂಬುವುದರೊಳಗೆ ಇನ್ನೊಂದು. ಎಲ್ಲಿ ಬಿಟ್ಟರೂ ಮತ್ತೆ ಹಿಡಿಯುವಾಗ ಎಲ್ಲಿದ್ದೆವೆಂದು ಹುಡುಕಬೇಕಾಗಿಲ್ಲ.

ಕಸೂತಿಯ ಚೌಕ ಇದಕ್ಕೆ ತೀರ ಬೇರೆ. ಇಳಕಲ್ ಸೀರೆಯ ಒಡಲಿನ ತುಂಡಿನ ಮೇಲೆ ಗಾವಂತಿಯಲ್ಲಿ ಗೋಪುರ ತೆಗೆದಿದ್ದೇನೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವಂತಿಲ್ಲ, ಗಂಟು ಹಾಕುವಂತಿಲ್ಲ. ಎಳೆ ಎಣಿಸಿ ಮುಂದೆ ಹೋಗಿ, ಬಿಟ್ಟ ಜಾಗವನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದೆ ಬರಬೇಕು. ನಡುವೆ ಒಬ್ಬರು ಕರೆದರೂ ಎಣಿಕೆ ತಪ್ಪುತ್ತದೆ. ಈ ಒಂದು ಚೌಕವನ್ನು ಮನೆಯವರೆಲ್ಲ ಮಲಗಿದ ಮೇಲೆ ರಾತ್ರಿ ಮಾತ್ರ ಹಿಡಿದೆ. ಇದೊಂದಕ್ಕೇ ಐದು ತಿಂಗಳು ಬೇಕಾಯಿತು. ಬಿಡುವಿನ ಜಾತಿ ನೋಡಿ ಚೌಕ ಆರಿಸಿಕೊಳ್ಳಬೇಕೆಂದು ನಾನು ಕಲಿತದ್ದು ಈ ಎರಡು ಚೌಕಗಳಿಂದ.

ಆರನೆಯ ಚೌಕ ಸಿದ್ದಿ ಹೆಣ್ಣುಮಕ್ಕಳ ಕ್ರಮದ್ದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದವರು ತಮ್ಮ ಕೌದಿಯನ್ನು ಕವಂದಿ ಎನ್ನುತ್ತಾರೆ. ಅವರು ಒಂದು ಮೂಲೆಯಿಂದ ಆರಂಭಿಸಿ, ತುಂಡುಗಳನ್ನು ಇಡುತ್ತಲೇ ಹೊಲಿಯುತ್ತ, ಅಂಚಿನ ಸುತ್ತು ಬಂದು ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ತ್ರಿಕೋನಗಳನ್ನು ಹೂವಿನಂತೆ ಸೇರಿಸುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಸ್ಕೇಲಿಲ್ಲ, ಮೊದಲೇ ಕತ್ತರಿಸಿಟ್ಟ ಅಳತೆಯಿಲ್ಲ. ಕಾಲಿಂಚಿಗೆ ಒಂದು ಸಂಜೆ ಕಳೆದ ನನಗೆ ಈ ವಿದ್ಯೆಯ ಮೇಲೆ ಬಹಳ ಗೌರವವಿದೆ. ನನ್ನ ಚೌಕದಲ್ಲಿ ಅವರ ಕ್ರಮದ ನೆರಳಷ್ಟೇ ಬಂದಿದೆ.

ಏಳನೆಯ ಚೌಕದ ಬಿಳಿ ಭಾಗದಲ್ಲಿ ಗುಲಾಬಿ ಬಣ್ಣದ ಮಾಸಲು ಕಲೆಯೊಂದನ್ನು ನೀವು ನೋಡುತ್ತಿರಬಹುದು. ಆ ಬಿಳಿ ನನ್ನ ಮಾವನವರ ಧೋತರದ್ದು; ಅವರು ಈಗಿಲ್ಲ. ಅದರ ಪಕ್ಕಕ್ಕೆ ಸೀರೆಯ ಕೆಂಪು ಸೆರಗಿನ ತುಂಡನ್ನು ನೀರಿನಲ್ಲಿ ಅದ್ದಿ ನೋಡದೆಯೇ ಹಚ್ಚಿದೆ. ಮೊದಲ ಸಲ ಒಗೆದಾಗ ಬಣ್ಣ ಬಿಟ್ಟಿತು. ಉಪ್ಪು ನೀರಿನಲ್ಲಿ ನೆನೆಹಾಕಿದೆ, ಬಿಸಿಲಿಗೆ ಹಾಕಿದೆ, ಹೋಗಲಿಲ್ಲ. ಆ ಧೋತರ ಇನ್ನೊಂದು ಇರಲಿಲ್ಲವಾದ್ದರಿಂದ ಚೌಕವನ್ನು ಬಿಚ್ಚಲು ಮನಸ್ಸಾಗಲಿಲ್ಲ. ಬಣ್ಣದ ಪ್ರತಿ ಬಟ್ಟೆಯನ್ನೂ ಒಂದು ಬಿಳಿ ಚಿಂದಿಯ ಜೊತೆ ನೀರಿನಲ್ಲಿ ಒಂದು ರಾತ್ರಿ ಇಟ್ಟು ನೋಡಿಯೇ ಕತ್ತರಿ ಹಚ್ಚಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಈ ಕಲೆಯ ಕಾರಣದಿಂದ.

ಈಗ ಹೆಣಿಗೆಗೆ ಬರುತ್ತೇನೆ. ಕೌದಿ ಮನೆಯಲ್ಲಿ ಕೂತು ಮಾಡುವ ಕೆಲಸ. ಹೆಣಿಗೆ ನಾವು ಹೋದಲ್ಲಿಗೆ ಬರುತ್ತದೆ. ಎರಡು ಕಡ್ಡಿ, ಒಂದು ಉಣ್ಣೆಯ ಉಂಡೆ ಚೀಲದಲ್ಲಿದ್ದರೆ ಹುಬ್ಬಳ್ಳಿ-ಧಾರವಾಡದ ಬಸ್ಸಿನಲ್ಲಿ ನಾಲ್ಕು ಸಾಲು ಮುಗಿಯುತ್ತದೆ. ನಮ್ಮ ಕಡೆಯ ಡೆಕ್ಕನಿ ಕುರಿಯ ಉಣ್ಣೆ ಒರಟಾದದ್ದು; ಕಂಬಳಿಗೆ ಅದು ಶ್ರೇಷ್ಠ, ಕೂಸಿನ ಮೈಗೆ ಚುಚ್ಚುತ್ತದೆ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹಳಷ್ಟು ಅಕ್ರಿಲಿಕ್. ಅದು ಮೆತ್ತಗಿರುತ್ತದೆ, ಒಗೆಯುವುದು ಸುಲಭ, ಆದರೆ ಬೆವರು ಹೀರುವುದಿಲ್ಲ. ಹೀಗಾಗಿ ಮೊಮ್ಮಗನ ಎರಡೂ ಕುಂಚಿಗೆಗಳನ್ನು ಹತ್ತಿಯ ನೂಲಿನಲ್ಲಿಯೇ ಹೆಣೆದೆ. ಬಾಣಂತಿ ಮತ್ತು ಕೂಸನ್ನು ನೋಡಲು ಬಂದವರೆಲ್ಲ ಅದನ್ನು ಮುಟ್ಟಿ ನೋಡಿ ನೂಲು ಯಾವುದೆಂದು ಕೇಳಿದರು.

ಅದೇ ಮೊಮ್ಮಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆಂದು ಸ್ವೆಟರ್ ಹಿಡಿದೆ. ಸಣ್ಣ ತುಂಡು ಹೆಣೆದು ನೋಡಿದಾಗ 10 ಸೆಂಟಿಮೀಟರಿಗೆ 22 ಕುಣಿಕೆ ಬಂತು. ಎದೆಯ ಸುತ್ತಳತೆಗೆ ಸಡಿಲು ಸೇರಿಸಿ 56 ಸೆಂಟಿಮೀಟರ್ ಬೇಕಾಗಿತ್ತು. ಲೆಕ್ಕಕ್ಕೆ 123 ಕುಣಿಕೆ. ಒಂದು ಗೇಣು ಹೆಣೆಯುವಷ್ಟರಲ್ಲಿ ಅತ್ತೆಯವರು ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಹತ್ತು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೆಣೆದೆ. ನಿದ್ದೆ ಬಾರದ ಹೊತ್ತಿನಲ್ಲಿ ಒಂದು ಸೀದಾ ಸಾಲು, ಒಂದು ಉಲ್ಟಾ ಸಾಲು ಎಂದು ಕೈಗೊಂದು ಕೆಲಸವಿದ್ದುದರಿಂದಲೇ ಆ ರಾತ್ರಿಗಳು ಬೆಳಗಾದವು. ಮನೆಗೆ ಬಂದು ಹಾಸಿ ನೋಡಿದರೆ ಸ್ವೆಟರಿನ ಕೆಳಭಾಗ 56 ಇತ್ತು, ಮೇಲ್ಭಾಗ ಸುಮಾರು 51ಕ್ಕೆ ಇಳಿದಿತ್ತು. ಕುಣಿಕೆಗಳ ಸಂಖ್ಯೆ ಅಷ್ಟೇ ಇತ್ತು. ಆತಂಕದಲ್ಲಿ ನನ್ನ ಕೈ ನೂಲನ್ನು ಬಿಗಿದು ಎಳೆದಿತ್ತು. 10 ಸೆಂಟಿಮೀಟರಿಗೆ 22 ಇದ್ದ ಕುಣಿಕೆ 24 ಆಗಿತ್ತು. ಬಟ್ಟೆಯ ಮೇಲೆ ಆ ಹತ್ತು ರಾತ್ರಿಗಳು ಎಲ್ಲಿ ಆರಂಭವಾದವೆಂದು ಬೆರಳಿಟ್ಟು ತೋರಿಸಬಹುದಾಗಿತ್ತು. ಅಲ್ಲಿಯವರೆಗೆ ಬಿಚ್ಚಿದೆ, ನೂಲನ್ನು ತೋಯಿಸಿ ಒಣಗಿಸಿ ಸುಕ್ಕು ತೆಗೆದು ಮತ್ತೆ ಹೆಣೆದೆ. ಮೊಮ್ಮಗ ಅದನ್ನು ಎರಡು ಚಳಿಗಾಲ ಹಾಕಿಕೊಂಡ.

ಅತ್ತೆಯವರು ಮಂಚದ ಮೇಲೆ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿಯೇ ಹನ್ನೆರಡನೆಯ ಚೌಕವಾಯಿತು. ಹನ್ನೊಂದು ಮುಗಿದಿದ್ದವು, ಕೊನೆಯದಕ್ಕೆ ಎಂಟು ಮೂಲೆಯ ನಕ್ಷತ್ರವೊಂದನ್ನು ಕಾಗದದ ಮೇಲೆ ಬರೆದಿಟ್ಟಿದ್ದೆ. ಒಂದು ಮಧ್ಯಾಹ್ನ ಅವರು, "ನನಗೂ ಒಂದ್ ಚೂರ ಕೊಡವಾ, ಸುಮ್ನ ಕುಂತು ಕೈ ಜಡ್ಡಗಟ್ಟ್ಯಾವ" ಎಂದರು. ನಕ್ಷತ್ರ ತೋರಿಸಿದೆ. "ಇದೆಲ್ಲಾ ನನಗ ಬರೂದಿಲ್ಲ" ಎಂದು ಕಾಗದವನ್ನು ಬದಿಗಿಟ್ಟು, ತಮ್ಮ ಹಳೆಯ ಸೀರೆಯ ಎರಡು ಪದರದ ಮೇಲೆ ಖಣದ ತುಂಡು ಹಚ್ಚಿ, ಅಂಚಿನಿಂದ ಅಂಚಿಗೆ ಬರಿಯ ಸಾಲು ಹೊಲಿಗೆ ಹಾಕಿದರು. ಸೂಜಿಗೆ ದಾರ ಪೋಣಿಸಲು ಮಾತ್ರ ನನ್ನ ಸೊಸೆಯನ್ನು ಕರೆಯುತ್ತಿದ್ದರು. ಅವಳು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುವ ರೂಢಿ ಮಾಡಿಕೊಂಡಳು. ಸ್ಕೇಲಿಟ್ಟು ಅಳೆದೆ: ಒಂದು ಸಾಲಿಗೂ ಇನ್ನೊಂದಕ್ಕೂ ಎಲ್ಲಿಯೂ ಅರ್ಧ ಇಂಚಿಗಿಂತ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಈ ಕೌದಿಯ ಹನ್ನೆರಡು ಚೌಕಗಳಲ್ಲಿ ಕೈ ಅತ್ಯಂತ ಸಮವಾಗಿರುವುದು ಅವರದೇ.

ಕೌದಿಯ ಹಿಂಬದಿಯಲ್ಲಿ, ಪ್ರತಿ ಚೌಕದ ಬೆನ್ನಿಗೆ ಆ ಚೌಕ ಮುಗಿದ ತಿಂಗಳು, ಇಸವಿ, ಹೊಲಿದವರ ಹೆಸರು, ಬಟ್ಟೆ ಯಾರದೆಂಬುದನ್ನು ದಾರದಲ್ಲಿ ಬರೆದಿದ್ದೇನೆ. ನನ್ನ ಅವ್ವ ಹೊಲಿದ ಕೌದಿಗಳ ಮೇಲೆ ಯಾವ ಹೆಸರೂ ಇಲ್ಲ. ಈಗ ಅವುಗಳಲ್ಲಿ ಯಾವುದು ಯಾವ ವರ್ಷದ್ದೆಂದು ಹೇಳಲು ಯಾರೂ ಉಳಿದಿಲ್ಲ. ಆ ಕೊರತೆ ನನ್ನನ್ನು ಇವತ್ತಿಗೂ ನೋಯಿಸುತ್ತದೆ. ನಿಮ್ಮ ಮನೆಯಲ್ಲಿ ಹೊಲಿದವರು ಇನ್ನೂ ಇದ್ದರೆ ಇಂದೇ ಕೇಳಿ, ಮೂಲೆಯಲ್ಲಿ ಎರಡು ಸಾಲು ಬರೆದಿಡಿ.

ಈಗ ಕೌದಿಯನ್ನು ತಿರುವಿ ಹಾಕುತ್ತೇನೆ. ಹತ್ತಿರ ಬಂದು ಮುಟ್ಟಿ ನೋಡಬಹುದು. ಮೇಜಿನ ಬದಿಗೆ ನಾಲ್ಕೂವರೆ ಇಂಚಿನ ಒಂಬತ್ತೊಂಬತ್ತು ತುಂಡುಗಳ ಕಟ್ಟುಗಳಿವೆ. ಬೇಕಾದವರು ಒಂದೊಂದು ಒಯ್ಯಿರಿ. ಎಲ್ಲವನ್ನೂ ನೀರಿನಲ್ಲಿ ಇಟ್ಟು ನೋಡಿಯೇ ಕತ್ತರಿಸಿದ್ದೇನೆ.