ಕೌಂಟರಿನ ಆಚೆ ನಿಂತವರು: ಸ್ವತಂತ್ರ ಕ್ಯಾಮೆರಾ ಅಂಗಡಿಗಳ ಕುರಿತು

ಮಾನ್ಯ ಅಧ್ಯಕ್ಷರೇ, ಛಾಯಾಗ್ರಹಣದಲ್ಲಿ ಆಸಕ್ತಿಯಿಟ್ಟು ಬಂದಿರುವ ಸ್ನೇಹಿತರೇ,

ಛಾಯಾಗ್ರಹಣದ ಇತಿಹಾಸವನ್ನು ನಾವು ಯಂತ್ರಗಳ ಕಥೆಯಾಗಿ ಓದುತ್ತೇವೆ, ಇಲ್ಲವೇ ಹೆಸರಾಂತ ಛಾಯಾಗ್ರಾಹಕರ ಕಥೆಯಾಗಿ ಓದುತ್ತೇವೆ. ಯಂತ್ರವನ್ನು ಮನುಷ್ಯನ ಕೈಗೆ ಒಗ್ಗಿಸಿಕೊಟ್ಟ ಅಂಗಡಿಯವರ ಪ್ರಸ್ತಾಪ ಅದರಲ್ಲಿ ಬರುವುದು ಕಡಿಮೆ. ದೊಡ್ಡ ಮಳಿಗೆಗಳ ಜಾಲಕ್ಕೆ ಸೇರದ, ಮಾಲೀಕರೇ ಕೌಂಟರಿನಲ್ಲಿ ನಿಂತು ವ್ಯಾಪಾರ ಮಾಡುವ ಕ್ಯಾಮೆರಾ ಅಂಗಡಿಯನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡದ್ದು ಅದಕ್ಕಾಗಿ.

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಕೊಡಾಕ್ ಕ್ಯಾಮೆರಾದಲ್ಲಿ 100 ಚಿತ್ರಗಳಿಗೆ ಸಾಲುವಷ್ಟು ಫಿಲ್ಮ್ ಇರುತ್ತಿತ್ತು. ಅದು ಮುಗಿದರೆ ಇಡೀ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಬೇಕಿತ್ತು. ಮುಂದೆ ರೀಲನ್ನಷ್ಟೇ ಬಿಚ್ಚಿ ಕೊಡುವ ಅನುಕೂಲವಾದಾಗ ಈ ಕೆಲಸ ಬೀದಿಯ ಅಂಗಡಿಗೆ ಬಂತು, ಗಿರಾಕಿಯೂ ರೀಲು ಕೊಳ್ಳಲು ಒಮ್ಮೆ, ತೊಳೆಯಲು ಕೊಡಲು ಒಮ್ಮೆ, ಪ್ರಿಂಟ್ ಒಯ್ಯಲು ಇನ್ನೊಮ್ಮೆ ಅದೇ ಮೆಟ್ಟಿಲು ಹತ್ತುವಂತಾಯಿತು. ನಿಜವಾದ ಪಾಠ ನಡೆಯುತ್ತಿದ್ದುದು ಈ ಕೊನೆಯ ಭೇಟಿಯಲ್ಲಿ. ಪ್ರಿಂಟುಗಳನ್ನು ಕೌಂಟರಿನ ಮೇಲೆ ಹರಡಿದಾಗ ಅಂಗಡಿಯವರು ಒಂದರ ಮೇಲೆ ಬೆರಳಿಟ್ಟು, ಇದು ಫೋಕಸ್ ತಪ್ಪಿದ್ದಲ್ಲ, ಕೈ ಅಲುಗಿದ್ದು ಎನ್ನುತ್ತಾರೆ; ಫೋಕಸ್ ತಪ್ಪಿದ್ದರೆ ಹಿಂದೆಯೋ ಮುಂದೆಯೋ ಏನಾದರೊಂದು ಸ್ಪಷ್ಟವಾಗಿ ಕಾಣಬೇಕಿತ್ತು, ಇಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದೆ ಎಂದು ತೋರಿಸುತ್ತಾರೆ. ಕ್ಯಾಮೆರಾದ ಜೊತೆ ಬರುವ ಕೈಪಿಡಿ ಎಷ್ಟು ದಪ್ಪವಾಗಿದ್ದರೂ ನಿಮ್ಮ ಚಿತ್ರವನ್ನು ನೋಡಿ ಹೀಗೆ ಹೇಳಲಾರದು.

ಹಳೆಯ ಲೆನ್ಸ್ ಕೊಳ್ಳುವಾಗ ಈ ತಿಳಿವಳಿಕೆಯ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅನುಭವಿಗಳು ಲೆನ್ಸಿನ ಅಪರ್ಚರನ್ನು, ಎಂದರೆ ಬೆಳಕು ಒಳಬಿಡುವ ಕಿಂಡಿಯನ್ನು, ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚನ್ನು ಓರೆಯಾಗಿ ಹಿಡಿದು ಇನ್ನೊಂದು ಕಡೆಯಿಂದ ನೋಡುತ್ತಾರೆ. ನೇರ ಬೆಳಕಿನಲ್ಲಿ ಕಾಣದ ಫಂಗಸ್ಸಿನ ಎಳೆಗಳು ಆಗ ಕಾಣುತ್ತವೆ. ಆ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಬ್ಲೇಡುಗಳ ಮೇಲೆ ಎಣ್ಣೆ ಜಿನುಗಿದೆಯೇ ಎಂದು ಪರೀಕ್ಷಿಸುತ್ತಾರೆ. ಕ್ಯಾಮೆರಾ ಆದರೆ ಹಿಂಬಾಗಿಲು ತೆರೆದು, ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಶಟರನ್ನು ಒಂದು ಸೆಕೆಂಡಿಗೆ ಇಟ್ಟು, ಒತ್ತಿ, ಸದ್ದಿಗೆ ಕಿವಿಗೊಡುತ್ತಾರೆ. ಇನ್ನು ಬ್ಯಾಟರಿಯ ವಿಷಯ. ಅನೇಕ ಹಳೆಯ ಕ್ಯಾಮೆರಾಗಳ ಬೆಳಕಿನ ಮೀಟರು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದ್ದು. ಆ ಬ್ಯಾಟರಿಗಳ ಮಾರಾಟ ನಿಂತ ಮೇಲೆ 1.5 ವೋಲ್ಟಿನ ಆಲ್ಕಲೈನ್ ಬ್ಯಾಟರಿ ಹಾಕಿದವರಿಗೆ ಮೀಟರು ಸುಳ್ಳು ಹೇಳತೊಡಗುತ್ತದೆ. ಕ್ಯಾಮೆರಾ ಕೆಟ್ಟಿದೆಯೆಂದು ತಂದವರಿಗೆ ಅದು ಕೆಟ್ಟಿಲ್ಲ ಎಂದು ಹೇಳಿ ಹಣ ಪಡೆಯದೆ ಕಳುಹಿಸುವುದು ಆ ದಿನದ ಮಟ್ಟಿಗೆ ನಷ್ಟ, ಆದರೆ ಬಂದವರು ಮತ್ತೆ ಬಂದರೇ ಬದುಕುವ ಅಂಗಡಿಗೆ ಅದೇ ಬಂಡವಾಳ.

ಅಂಗಡಿಯೊಂದು ಒಂದು ಸಮುದಾಯದ ನೆಲೆಯಾದದ್ದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಕ್ಯಾಮೆರಾಕ್ಕಿಂತ ದೊಡ್ಡ ನಿದರ್ಶನ ನನಗೆ ತಿಳಿದಿಲ್ಲ. 1973ರಲ್ಲಿ, ಮುಂದೆ ಸಲಿಂಗಕಾಮಿಗಳ ಹಕ್ಕುಗಳ ಹೋರಾಟಗಾರರಾಗಿ ಹೆಸರಾದ ಹಾರ್ವೆ ಮಿಲ್ಕ್ ಮತ್ತು ಸ್ಕಾಟ್ ಸ್ಮಿತ್ ಅದನ್ನು ತೆರೆದರು. ಬೇರೆಡೆ ತೊಳೆಯಲು ಕೊಟ್ಟ ರೀಲೊಂದು ಹಾಳಾಗಿದ್ದು ಅವರ ಈ ಸಾಹಸಕ್ಕೆ ನೆಪ. ಅಂಗಡಿ ಬರಬರುತ್ತಾ ಆ ಬಡಾವಣೆಯ ಸಲಿಂಗಕಾಮಿಗಳು ಸೇರುವ, ಅಹವಾಲು ಹೇಳಿಕೊಳ್ಳುವ ಜಾಗವಾಯಿತು. ಮಿಲ್ಕ್ ಅವರ ಚುನಾವಣಾ ಕಚೇರಿಯೂ ಆಯಿತು. 1977ರ ನವೆಂಬರಿನಲ್ಲಿ ಅವರು ನಗರದ ಆಡಳಿತ ಮಂಡಳಿಗೆ ಆಯ್ಕೆಯಾದರು. ಅಂಗಡಿಯಲ್ಲಿ ಕೆಲಸಕ್ಕಿದ್ದ ಡೇನಿಯಲ್ ನಿಕೋಲೆಟ್ಟಾ ಸಲಿಂಗಕಾಮಿಗಳ ಹಕ್ಕುಗಳ ಚಳವಳಿಯ ಚಿತ್ರಗಳನ್ನು ತೆಗೆದು ಮುಂದೆ ಪ್ರಸಿದ್ಧ ಛಾಯಾಗ್ರಾಹಕರಾದರು. ಎಲ್ಲ ಕ್ಯಾಮೆರಾ ಅಂಗಡಿಗಳೂ ಹೀಗಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಜನ ತಮ್ಮ ಮದುವೆ, ಮಕ್ಕಳು, ತೀರಿಕೊಂಡವರ ಚಿತ್ರಗಳನ್ನು ನಂಬಿ ಕೊಟ್ಟು ಹೋಗುವ ಜಾಗದಲ್ಲಿ ವ್ಯಾಪಾರದಾಚೆಗಿನ ಮಾತು ಹುಟ್ಟುವುದು ಸಹಜ.

ಡಿಜಿಟಲ್ ಬಂದು ಪ್ರಿಂಟಿಗಾಗಿ ಕಾಯುವ ಕೆಲಸ ತಪ್ಪಿತು. ಅದರ ಹಿಂದೆಯೇ ಮೊಬೈಲು ಬಂತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿ ದಾಟಿದ್ದ ಡಿಜಿಟಲ್ ಕ್ಯಾಮೆರಾಗಳ ರವಾನೆ 2020ರಲ್ಲಿ 90 ಲಕ್ಷಕ್ಕೂ ಕೆಳಗಿಳಿಯಿತು. ಉಳಿದ ಗಿರಾಕಿಗಳಲ್ಲಿಯೂ ಹಲವರು ಅಂಗಡಿಯಲ್ಲಿ ಮೂರು ಲೆನ್ಸ್ ಹಾಕಿ ನೋಡಿ, ಸಲಹೆ ಕೇಳಿ, ಹೊರಗೆ ಬಂದು ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಾರೆ. ಇದನ್ನು ನಾನು ಚುರುಕುತನ ಎನ್ನಲಾರೆ, ಒಬ್ಬರ ದುಡಿಮೆಯ ಫಲವನ್ನು ಇನ್ನೊಬ್ಬರಿಗೆ ಸಲ್ಲಿಸುವುದು ಅಷ್ಟೆ.

ಈಗ ಫಿಲ್ಮಿನ ಕಡೆಗೆ ಹೊಸಬರು ಬರುತ್ತಿದ್ದಾರೆ, ಆದರೆ ತೊಳೆಯುವ ವ್ಯವಸ್ಥೆ ಅಭಿಮಾನವೊಂದರಿಂದ ನಡೆಯುವುದಿಲ್ಲ. ಬಣ್ಣದ ನೆಗೆಟಿವ್ ತೊಳೆಯುವ ಸಿ-41 ಎಂಬ ಕ್ರಮದಲ್ಲಿ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಫಿಲ್ಮ್ ಅದರಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು. ಯಂತ್ರದಲ್ಲಿ ರೀಲು ಹಾದುಹೋದಂತೆಲ್ಲ ಹೊಸ ದ್ರಾವಣ ಸೇರುತ್ತಾ ಹದ ಕಾಯ್ದುಕೊಳ್ಳುತ್ತದೆ. ರೀಲುಗಳು ಬರದಿದ್ದರೆ ದ್ರಾವಣ ಗಾಳಿಗೆ ತಾಗಿ ಸುಮ್ಮನೆ ಕೆಡುತ್ತದೆ, ಮಾರನೆಯ ವಾರ ಅಪರೂಪಕ್ಕೆ ಬಂದ ಒಂದು ರೀಲಿನ ಬಣ್ಣವನ್ನೂ ಕೆಡಿಸುತ್ತದೆ. ಆದ್ದರಿಂದ ಒಬ್ಬರ ರೀಲು ಚೆನ್ನಾಗಿ ಬರಬೇಕಾದರೆ ಅದೇ ವಾರ ಅದೇ ಅಂಗಡಿಗೆ ಹತ್ತಾರು ಮಂದಿ ರೀಲು ತಂದಿರಬೇಕಾಗುತ್ತದೆ.