ಮುತ್ತುಗದ ಕೊಂಬೆ, ಮಾವಿನ ಗೊಂಚಲು

ಆತ್ಮೀಯ ಕೇಳುಗರೆ, ನಮಸ್ಕಾರ.

ಮಾಘ ಕಳೆದು ಫಾಲ್ಗುಣ ಕಾಲಿಡುವ ಈ ದಿನಗಳಲ್ಲಿ ಧಾರವಾಡದಿಂದ ಕಲಘಟಗಿಯ ಕಡೆಗೆ ಹೊರಟವರಿಗೆ, ಎಲೆಯೆಲ್ಲ ಉದುರಿ ಬರಿದಾದ ಕೊಂಬೆಗಳ ತುಂಬ ಕೆಂಡದ ಬಣ್ಣದ ಹೂ ಹೊತ್ತ ಮುತ್ತುಗದ ಮರಗಳು ಕಾಣಿಸುತ್ತವೆ. ಪತ್ರಾವಳಿಗೆ ಎಲೆ, ಹೋಳಿಯ ಬಣ್ಣಕ್ಕೆ ಹೂ ಎಂದು ನಾವು ಬಲ್ಲ ಈ ಮರದ ಬಳಿ ಒಂದು ಮುಂಜಾನೆ ಅರ್ಧ ಗಂಟೆ ಸುಮ್ಮನೆ ನಿಲ್ಲಿರೆಂಬುದು ನನ್ನ ವಿನಂತಿ. ಹೂವಿನ ಐದು ದಳಗಳಲ್ಲಿ ಎರಡು ಒಂದಕ್ಕೊಂದು ಕೂಡಿ ಗಿಳಿಯ ಕೊಕ್ಕಿನಂತೆ ಬಾಗಿರುತ್ತವೆ. ಪರಾಗ ಹೊರುವ ಹತ್ತು ಕೇಸರಗಳೂ ಹೂವಿನ ಹೆಣ್ಣು ಭಾಗವಾದ ಶಲಾಕೆಯೂ ಅದರೊಳಗೆ ಅಡಗಿರುತ್ತವೆ. ಮಕರಂದವಿರುವುದು ಬುಡದಲ್ಲಿ. ಅದನ್ನು ಹೀರಲು ಬಂದ ಸೂರಕ್ಕಿ ಕೊಕ್ಕು ತೂರಿಸಿದಾಗ ಪರಾಗ ಅದರ ಮೈಗೆ ಅಂಟುತ್ತದೆ, ಮುಂದಿನ ಮರದ ಹೂವಿಗೆ ತಲುಪುತ್ತದೆ. ಮುಂದೆ ಬಿಡುವ ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಒಂದು ಬೀಜ. ಉಳಿದ ಭಾಗವೆಲ್ಲ ಗಾಳಿಯಲ್ಲಿ ತೇಲಲು ರೆಕ್ಕೆ.

ಮಾವಿನ ಹೂವಿಗೆ ಈ ಬೆಡಗಿಲ್ಲ. ಆದರೆ ನಮ್ಮ ಭಾಗದ ಆಪೂಸ್ ಬೆಳೆಗಾರರ ವರ್ಷದ ಗಳಿಕೆ ನಿಂತಿರುವುದು ಅದರ ಮೇಲೆಯೇ. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ ಹೂಗಳಿರುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಎಲ್ಲವೂ ಒಂದೇ ಬಗೆಯವಲ್ಲವೆಂದು ತಿಳಿಯುತ್ತದೆ: ಕೆಲವು ಬರಿಯ ಗಂಡು ಹೂಗಳು, ಮತ್ತೆ ಕೆಲವುಗಳ ನಡುವೆ ಹಸಿರು-ಹಳದಿಯ ಪುಟ್ಟ ಮಣಿಯಂತಹ ಅಂಡಾಶಯವಿರುತ್ತದೆ. ಕಾಯಿಯಾಗಬಲ್ಲದ್ದು ಈ ಎರಡನೆಯ ಬಗೆಯ ಹೂ ಮಾತ್ರ, ಅದೂ ಪರಾಗ ದೊರೆತರೆ. ಪರಾಗ ತರುವ ಕೆಲಸದಲ್ಲಿ ಜೇನಿಗಿಂತ ಹೆಚ್ಚಿನ ಪಾಲು ನಾವು ಅಸಹ್ಯಪಡುವ ನೊಣಗಳದು ಎಂಬುದನ್ನು ಬೆಳೆಗಾರರೂ ಅನೇಕರು ಗಮನಿಸಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಜಿಗಿಹುಳುವಿನ ಕಾಟಕ್ಕೆ ಔಷಧ ಹೊಡೆಯದೆ ವಿಧಿಯಿಲ್ಲವೆಂಬುದನ್ನು ಬಲ್ಲೆ. ಆದರೆ ಗೊಂಚಲು ಪೂರ್ತಿ ಅರಳಿ ನಿಂತಾಗ ಹೊಡೆದರೆ, ಹುಳುವಿನೊಂದಿಗೆ ಕಾಯಿ ಕಟ್ಟಿಸುವ ನೊಣ, ಜೇನುಗಳೂ ಸಾಯುತ್ತವೆ. ಹೂ ಅರಳುವ ಮೊದಲು ಇಲ್ಲವೆ ಕಾಯಿ ಕಚ್ಚಿದ ಮೇಲೆ ಹೊಡೆಯುವುದು ಲೇಸು.

ಮನೆಯ ಹಿತ್ತಲಲ್ಲಿ ಮಾವಿನ ಗಿಡವಿದ್ದವರು ಕೈಗೆಟಕುವ ಒಂದು ಗೊಂಚಲಿಗೆ ಕೆಂಪು ದಾರ ಕಟ್ಟಿ, ಯಾವ ಹೊತ್ತಿಗೆ ಯಾವ ಕೀಟ ಬಂತೆಂದು ಮಕ್ಕಳಿಂದ ಬರೆಸಿರಿ. ಮೂರು ವಾರ ಬಿಟ್ಟು ಅದೇ ಗೊಂಚಲಲ್ಲಿ ಉಳಿದ ಮಿಡಿಗಳನ್ನು ಎಣಿಸಿರಿ. ಉದುರಿದ ಹೂಗಳ ರಾಶಿಯ ಮುಂದೆ ಅವು ಬೆರಳೆಣಿಕೆಯಷ್ಟೇ ಇರುತ್ತವೆ, ಹಣ್ಣಾಗುವವು ಅವುಗಳಲ್ಲೂ ಒಂದೆರಡೇ.

ನಮಸ್ಕಾರ.